ಎರಡು ಪಾನಾದ ಮೇಲೆ ನಿಂತ ಪೈಪು

ಧಾರವಾಡದ ಮೊದಲ ಬಸ್ಸಿಗೆ ಬಂದಿಳಿದ ಆ ಹುಡುಗ, ನಾನು ತಮ್ಮ ಅಂತ ಕರೆಯುವವನು, ಬಂಕಾಪುರದ ನನ್ನ ಪಂಪು ರಿಪೇರಿ ಅಂಗಡಿಯ ಮುಂದೆ ನಿಂತ. ಕೂಡು ಅಂದರೂ ಕೂಡಲಿಲ್ಲ. ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದ. ಯಾರೋ ಹೆಣ್ಣುಮಗಳು ರಾತ್ರಿ ರೆಕಾರ್ಡ್ ಮಾಡಿ ಕಳಿಸಿದ ದನಿ. ಮಾತು ಒಂದೂ ತಿಳಿಯಲಿಲ್ಲ. ಆದರೆ ಆಕೆಯ ಬೆನ್ನ ಹಿಂದಿನ ಸಪ್ಪಳ ನನಗೆ ಚೆನ್ನಾಗಿ ಗೊತ್ತು. ಕೈಪಂಪಿನ ಹಿಡಿಕೆ ಭಾರವಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು, ಖಾಲಿ ತೊಟ್ಟಿಲು ತೂಗಿದಂತೆ.

"ನಮ್ಮ ಅಕ್ಕ ರೀ," ಅಂದ. "ನಿನ್ನೆ ಸಂಜಿಂದ ನೀರಿಲ್ಲ."

ಅವನದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ. ಬೇಸಾಯ ಓದಲು ಧಾರವಾಡಕ್ಕೆ ಬಂದವನು. ನಮಗೆ ಪರಿಚಯ ಆದದ್ದು ಸವಣೂರಿನಲ್ಲಿ. ಅಲ್ಲಿಯ ಮಠದ ದೊಡ್ಡಹುಣಸೆ ಮರಗಳು ಆಫ್ರಿಕಾದವು ಅಂತ ಯಾರೋ ಹೇಳಿದ್ದಕ್ಕೆ ನೋಡಲು ಬಂದಿದ್ದ. ನಾನು ಪಕ್ಕದ ಓಣಿಯಲ್ಲಿ ಪಂಪು ಬಿಚ್ಚಿಕೊಂಡು ಕುಂತಿದ್ದೆ. ಮರ ನೋಡಿ ಬಂದವನು ಪಂಪಿನ ಮುಂದೆ ನಿಂತುಬಿಟ್ಟ. ಇದು ನಮ್ಮೂರಿನ ಪಂಪ್ ಐತ್ರಿ ಅಂದ. ಧಾರವಾಡದ ಸಂತೆಯಲ್ಲಿ ಕಲಿತ ಕನ್ನಡ. ನನಗೆ ಸಿಟ್ಟು ಬಂತು. ಆರನೇ ಇಯತ್ತೆಗೆ ಪಾಟಿ ಇಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದವನು ನಾನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ನನ್ನ ಕೈ ತಾಗದ ಬೋರಿಂಗ್ ಕಡಿಮೆ. ಇದು ನಮ್ಮ ದೇಶದ ಮಾಲು ಅಂದೆ. ಅವನು ಫೋಟೋ ತೋರಿಸಿದ. ಕೆಂಪು ಮಣ್ಣು, ಬಣ್ಣದ ಬಟ್ಟೆ ಸುತ್ತಿಕೊಂಡ ಹೆಂಗಸರು, ನಡುವೆ ಅದೇ ಮೂರು ಕಾಲಿನ ಪಂಪು. ನಮ್ಮಲ್ಲಿಂದಲೇ ಹೋದದ್ದು. ಮರ ನಿಮ್ದು, ಪಂಪ್ ನಮ್ದು, ಹಂಗಾರ ನಾವು ಬೀಗರು ಅಂದೆ. ನಕ್ಕ.

ಅಂದಿನಿಂದ ಸೂಟಿ ಸಿಕ್ಕಾಗಲೆಲ್ಲ ನನ್ನ ಗಾಡಿಯ ಹಿಂದೆ ಕೂತು ಹಳ್ಳಿ ತಿರುಗುತ್ತಿದ್ದ. ಹಿರೇಕೆರೂರಿನ ಕಡೆ ಹತ್ತಿ ಹೊಲ ಕಂಡರೆ ನಿಲ್ಲಿಸು ಅನ್ನುತ್ತಿದ್ದ. ಅವನ ಮುತ್ತಜ್ಜ ಫ್ರೆಂಚರ ಬಡಿಗೆಗೆ ಹೆದರಿ ಹತ್ತಿ ಬಿತ್ತಿದವನಂತೆ. ಮುತ್ತಜ್ಜನ ತಮ್ಮನನ್ನು ರೈಲು ಹಳಿ ಹಾಕಲು ಸಮುದ್ರದ ಕಡೆ ಎಳೆದೊಯ್ದರಂತೆ, ಆತ ತಿರುಗಿ ಬರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ದೇಶಕ್ಕೆ ಫ್ರೆಂಚರಿಟ್ಟ ಹೆಸರೇ ಇತ್ತು. ಮುಂದೆ ಒಬ್ಬ ಹರೆಯದ ಕ್ಯಾಪ್ಟನ್ ಅಧಿಕಾರ ಹಿಡಿದು, ನೆಟ್ಟಗಿನ ಮನುಷ್ಯರ ನಾಡು ಅಂತ ಅರ್ಥ ಬರುವ ಹೊಸ ಹೆಸರಿಟ್ಟ. ಮಂತ್ರಿಗಳ ದೊಡ್ಡ ಕಾರು ಮಾರಿಸಿದ, ನೌಕರರಿಗೆ ಊರ ಹತ್ತಿಯ ಬಟ್ಟೆ ಉಡಿಸಿದ. ಅವನನ್ನು ಗುಂಡಿಟ್ಟು ಕೊಂದರು, ಅವನ ಜೊತೆಗಾರನೇ ಗದ್ದುಗೆ ಏರಿ ಬಹಳ ವರ್ಷ ಕೂತ. ಕಡೆಗೆ ಜನ ಬೀದಿಗಿಳಿದು ಓಡಿಸಿದರು. ಆಮೇಲೆ ಉತ್ತರದಿಂದ ಬಂದೂಕಿನವರು ಬಂದರು. ಒಂದೇ ವರ್ಷದಲ್ಲಿ ಎರಡು ಸಲ ಸೈನ್ಯ ಸರ್ಕಾರ ಉರುಳಿಸಿತು. ನೆಲದ ಬಂಗಾರ ಅಗೆಯುವುದು ಮಾತ್ರ ಯಾರ ಕಾಲದಲ್ಲೂ ನಿಲ್ಲಲಿಲ್ಲ. ಇದನ್ನೆಲ್ಲ ಅವನು ಅಳುತ್ತ ಹೇಳುತ್ತಿರಲಿಲ್ಲ. ಪಾನಾ ಒರೆಸುತ್ತ ಹೇಳುತ್ತಿದ್ದ.

ಅವನ ಊರನ್ನು ಬಂದೂಕಿನವರು ಸುತ್ತುಗಟ್ಟಿ ಕೂತು ಬಹಳ ದಿನ ಆಗಿತ್ತು. ಕಾಳುಕಡಿ ಸೈನ್ಯದ ಕಾವಲಿನ ಲಾರಿಯಲ್ಲಿ ಬಂದರೆ ಬಂತು. ಊರ ಹೊರಗಿನ ಬಾವಿಗೆ ಹೋದ ಹೆಂಗಸರಲ್ಲಿ ಕೆಲವರು ತಿರುಗಿ ಬಂದಿರಲಿಲ್ಲ. ಸಂತೆ ಬಯಲಿನ ಪಂಪನ್ನು ಬಂದೂಕಿನವರು ಮುರಿದು ಹಾಕಿದ್ದರು. ಉಳಿದದ್ದು ಶಾಲೆ ಅಂಗಳದ್ದೊಂದೇ. ಈಗ ಅದೂ ನಿಂತಿತ್ತು. ಅದನ್ನು ರಿಪೇರಿ ಮಾಡುತ್ತಿದ್ದವನು ಲಾರಿ ಹತ್ತಿ ರಾಜಧಾನಿಗೆ ಹೋಗಿದ್ದ. ಇವತ್ತು ಪಂಪು ನೀರು ಎತ್ತದಿದ್ದರೆ ನಾಳೆ ಅಕ್ಕನೂ ಕೊಡ ಹೊತ್ತು ಊರ ಹೊರಗೆ ಹೋಗುವವಳೇ.

ಸಪ್ಪಳದ ಮೇಲಿಂದಲೇ ನಾನು ಪಂಪಿನ ರೋಗ ಗುರುತು ಹಿಡಿದಿದ್ದೆ. ಪೈಪಿನೊಳಗಿನ ಸರಳು ಎಲ್ಲೋ ಮೇಲಿನ ಜೋಡಣೆಯಲ್ಲೇ ಕಳಚಿದೆ. ಕೂಡಿಸುವುದು ದೊಡ್ಡದಲ್ಲ, ಅಲ್ಲಿಗೆ ಮುಟ್ಟುವುದೇ ದೊಡ್ಡದು. ಪಂಪಿನ ತಲೆ, ಅದರ ಕೆಳಗಿನ ನೀರಿನ ಡಬ್ಬಿ ಬಿಚ್ಚಬೇಕು. ಕೊಳವೆಬಾವಿಯೊಳಗಿನ ಪೈಪುಗಳೆಲ್ಲ ಆ ಡಬ್ಬಿಗೇ ಜೋತು ಬಿದ್ದಿರುತ್ತವೆ. ಬಿಚ್ಚುವ ಮೊದಲು ಪೈಪನ್ನು ಕ್ಲಾಂಪಿನಿಂದ ಹಿಡಿಯದಿದ್ದರೆ ಅಷ್ಟೂ ಪಾತಾಳಕ್ಕೆ. ಬಿದ್ದ ಮೇಲೆ ತೆಗೆಯಲು ನನ್ನಿಂದಲೂ ಆಗದು. ಅವರ ಹತ್ತಿರ ಕ್ಲಾಂಪ್ ಇರಲಿಲ್ಲ. ಎರಡು ಪೈಪ್ ಪಾನಾ ಇದ್ದವು, ಒಬ್ಬ ಕಮ್ಮಾರ ಇದ್ದ.

ಮಾತಿನಲ್ಲಿ ಹೇಳಿದರೆ ಕೈಗೆ ಹತ್ತುವ ಕೆಲಸವಲ್ಲ. ಹುಲಗೂರು ರಸ್ತೆಯಲ್ಲಿ ನಳ ಬಂದ ಮೇಲೆ ಯಾರೂ ಮುಟ್ಟದ ಬೋರಿಂಗ್ ಒಂದಿತ್ತು. ಅದನ್ನೇ ಬಿಚ್ಚುತ್ತ ಹೋಗುವುದು, ಅವನು ಒಂದೊಂದು ಹಂತಕ್ಕೂ ಫೋಟೋ ತೆಗೆದು, ತಮ್ಮ ಭಾಷೆಯಲ್ಲಿ ಹೇಳಿ ಕಳಿಸುವುದು ಅಂತ ಮಾಡಿದೆವು. ಅಲ್ಲಿ ಬೆಳಕು ಹರಿಯುವುದು ನಮಗೆ ಮಧ್ಯಾಹ್ನದ ಹೊತ್ತಿಗೆ. ಅಷ್ಟರಲ್ಲಿ ಸಾಮಾನು ಹೊಂದಿಸಿಕೊಂಡು ಅಲ್ಲಿಗೆ ಹೋಗಿ ನಿಂತೆವು.

ಜನ ಕೂಡಿತು. ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು, ಪಂಚಾಯತಿಯವರ ಅಪ್ಪಣೆ ಐತೇನು ಅಂದರು. ಇಲ್ಲ ಅಂದೆ.

"ಹಂಗಾರ ಗುಜರಿಗೆ ಒಯ್ಯಾಕ ಬಂದೀರಿ. ಕಳವು ಮಾಡೋರು ಫೋಟೋನೂ ತಗೊಳ್ಳೋದು ಇವತ್ತ ನೋಡಿದೆ ನೋಡಪಾ."

ಆ ತಮ್ಮ ಎದ್ದು ಹೋಗಿ ತನ್ನ ಕನ್ನಡದಲ್ಲಿ ಎಲ್ಲ ಹೇಳಿದ. ಹಿರಿಯರು ಅವನ ಮೋರೆ ನೋಡಿದರು, ಫೋನು ನೋಡಿದರು. ಅಕ್ಕಗ ಎಷ್ಟು ಮಕ್ಕಳು ಅಂತ ಕೇಳಿದರು. ಮೂರು ಅಂದ. ಅವರು ಧೋತರ ಮೇಲೆ ಕಟ್ಟಿ ಕೈ ಹಚ್ಚಲು ಬಂದರು.

ತಲೆ ಬಿಚ್ಚಿದೆವು. ಅಲ್ಲಿಯೂ ಬಿಚ್ಚಿದ ಫೋಟೋ ಬಂತು. ನನ್ನ ಚೀಲದಲ್ಲಿ ಕ್ಲಾಂಪ್ ಇತ್ತು, ಹೊರಗೆ ತೆಗೆಯಲಿಲ್ಲ. ಅವರಿಗಿಲ್ಲದ ಸಾಮಾನಿನಿಂದ ಮಾಡಿ ತೋರಿಸಿ ಏನು ಬಂತು? ನಾನು ಕೆಲಸ ಕಲಿಯುವಾಗ ಮಾಡುತ್ತಿದ್ದಂತೆ ನಾಲ್ಕು ಜನ ಡಬ್ಬಿ ಎತ್ತಿ ಹಿಡಿದರು. ಕೆಳಗೆ ಪೈಪಿಗೆ ಒಂದು ಪಾನಾ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಹಾಕಿ, ಎರಡರ ಹಿಡಿಕೆಯನ್ನೂ ಪಂಪಿನ ಪೀಠದ ಮೇಲೆ ಊರಿದೆ. ಭಾರ ಬಿದ್ದಷ್ಟೂ ಪಾನಾದ ಹಲ್ಲು ಪೈಪನ್ನು ಕಚ್ಚಬೇಕು. ಮೆಲ್ಲಗೆ ಬಿಡಿ ಅಂದೆ. ಬಿಟ್ಟರು. ಪೈಪು ಒಂದು ಬೆರಳು ಜಾರಿ ನಿಂತಿತು. ಅವನು ಫೋಟೋ ಕಳಿಸಿದ.

ಅಕ್ಕನ ದನಿ ಬಂತು. ಹಿಂದೆ ಗದ್ದಲ. ಕಮ್ಮಾರ, ಇದೆಲ್ಲ ಬೇಡ, ಡಬ್ಬಿ ತಿರುವಿಬಿಡೋಣ, ಹೊತ್ತಾಗುತ್ತಿದೆ ಅನ್ನುತ್ತಿದ್ದಾನಂತೆ. ಊರಂಚಿನಲ್ಲಿ ಬೈಕಿನ ಸಪ್ಪಳ ಕೇಳಿದೆಯಂತೆ. ಅಂಗಳದಲ್ಲಿದ್ದ ಅರ್ಧ ಜನ ಒಳಗೆ ಓಡಿದ್ದಾರಂತೆ.

"ಅವನ ಕೈ ಹಿಡೀರಿ ಅಂತ ಹೇಳು," ಅಂದೆ. "ಪಾನಾ ಕಚ್ಚೂತನಕ ಡಬ್ಬಿ ಯಾರೂ ಮುಟ್ಟಬಾರ್ದು. ಯಾರು ಬಂದ್ರೂ."

ಅವನು ಹೇಳಿ ಕಳಿಸಿದ. ಫೋನಿನಲ್ಲಿ ಕಳಿಸಿದ ಗುರುತಿನ ಒಂದೇ ಗೀಟು ಬಿತ್ತು. ಮುಟ್ಟಿದ ಗುರುತಿನ ಎರಡನೆಯದು ಬೀಳಲಿಲ್ಲ. ಅಲ್ಲಿ ನೆಟ್ವರ್ಕ್ ಹೋಗಿತ್ತು.

ನಾವು ಹಾಗೇ ನಿಂತೆವು. ಇಲ್ಲಿಯ ಪೈಪು ಪಾನಾದ ಮೇಲೆ ನಿಂತಿತ್ತು, ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ನಾನು ಕೈ ಬಿಡಲಿಲ್ಲ. ಬಿಟ್ಟರೆ ಅಲ್ಲಿ ಬೀಳುತ್ತದೆ ಅನ್ನಿಸುತ್ತಿತ್ತು. ಹಿರಿಯರೂ ಬಿಡಲಿಲ್ಲ. ಯಾರೋ ಚಹಾ ತಂದರು, ಒಂದೇ ಕೈಯಲ್ಲಿ ಕುಡಿದೆವು. ಆ ತಮ್ಮ ರಸ್ತೆಯ ಆಚೆ ಹೋಗಿ ಬೆನ್ನು ತಿರುಗಿಸಿ ಕೂತಿದ್ದ. ಫೋನನ್ನು ನೆಲದ ಮೇಲೆ ಇಟ್ಟುಕೊಂಡಿದ್ದ, ಮುಟ್ಟುತ್ತಿರಲಿಲ್ಲ.

ಹೊತ್ತು ಇಳಿಯುವ ಮುಂದೆ ಫೋನು ಗುಂಯ್ ಅಂದಿತು. ಅವನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದ. ಆಮೇಲೆ ನನ್ನ ಕಡೆ ನೋಡಿ ಹೌದು ಅಂತ ತಲೆ ಆಡಿಸಿದ. ಮೊದಲೇ ಮುಟ್ಟಿದ್ದ ಫೋಟೋ ನೋಡಿ ಹಾಕಿದ ಪಾನಾ ಅಲ್ಲಿಯೂ ಪೈಪು ಹಿಡಿದು ನಿಂತಿದ್ದವು. ಬೈಕಿನವರು ಊರು ಹೊಕ್ಕಿರಲಿಲ್ಲ. ಸರಳು ಎರಡನೇ ಪೈಪಿನಲ್ಲಿ ಕಳಚಿತ್ತು, ಕಮ್ಮಾರನೇ ಕೂಡಿಸಿ ನಟ್ಟು ಬಿಗಿದಿದ್ದ. ನೀರು ಬಂದಿತ್ತು. ಜನ ಸಾಲು ಹಚ್ಚಿ, ಸಾಲಿಗಾಗಿ ಜಗಳವನ್ನೂ ಶುರು ಮಾಡಿದ್ದರು.

ಹಿರಿಯರು ಪೈಪಿನಿಂದ ಕೈ ತೆಗೆದು ಅಂಗೈ ನೋಡಿಕೊಂಡರು. ಇನ್ನ ಇದನ್ನೂ ಕೂಡಿಸಿ ಹೋಗ್ರಿ ಅಂದರು.

ನಾನು ಅವನಿಂದ ಅಕ್ಕನಿಗೆ ಒಂದು ಮಾತು ಕೇಳಿಸಿದೆ. ಹಿಡಿಕೆ ಎಷ್ಟು ಸಲ ಒತ್ತಿದ ಮೇಲೆ ನೀರು ಬರುತ್ತದೆ? ಬಹಳ ಸಲ ಅಂತ ಅಕ್ಕ ಹೇಳಿದಳು. ಮೈ ದಣಿಯುವಷ್ಟು. ನನಗೆ ಬೇಡವಾಗಿದ್ದ ಉತ್ತರ ಅದು.

"ಎಷ್ಟ ದಿನ ನಡೀತೈತ್ರಿ ಅಣ್ಣಾರ?" ಅಂದ.

ಒಳಗಿನ ವಾಶರ್ ಸವೆದಿವೆ, ಹೊಸವು ಹಾಕದಿದ್ದರೆ ಪಂಪು ಮುಂದಿನ ಮಳೆ ಕಾಣುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸವನ್ನು ಕಳಿಸೋಣ ಅಂದರೆ ಆ ಊರಿಗೆ ಅಂಚೆ ಇಲ್ಲ. ಲಾರಿ ಎಂದು ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ರಬ್ಬರಿನವು ಬರುವ ಮೊದಲು ನಾವು ತೊಗಲಿನಲ್ಲೇ ಮಾಡುತ್ತಿದ್ದೆವು. ಹದ ಮಾಡಿದ ತೊಗಲನ್ನು ನೀರಲ್ಲಿ ನೆನೆಸಿ, ದುಂಡಗೆ ಕತ್ತರಿಸಿ, ಬಟ್ಟಲಿನ ಆಕಾರಕ್ಕೆ ಒತ್ತಿ ಒಣಗಿಸಿ, ಎಣ್ಣೆ ಕುಡಿಸಬೇಕು. ತೊಗಲು ಅವರಲ್ಲಿ ಇತ್ತು. ಮುಂದಿನ ಭಾನುವಾರ ಅಂಗಡಿಯಲ್ಲಿ ಕೂತು ಮಾಡಿ ತೋರಿಸಿದೆ, ಅವನು ಫೋಟೋ ತೆಗೆದು ಕಳಿಸಿದ.

ಅಕ್ಕ ಮಾಡಿದ ಮೊದಲ ವಾಶರಿನ ಫೋಟೋ ಬಂದಾಗ ಅವನ ಮೋರೆ ಅರಳಿತ್ತು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಂಚು ದಪ್ಪ ಆಗಿತ್ತು, ಒಂದು ಕಡೆ ಓರೆ. ಚಲೋ ಆಗೈತಿ ಅಂತ ಹೇಳಲಿ ಅಂತ ಅವನು ನನ್ನನ್ನೇ ನೋಡುತ್ತಿದ್ದ.

"ಇದು ನಡಿಯಂಗಿಲ್ಲ," ಅಂದೆ. "ಇನ್ನೊಂದು ಮಾಡಂತ ಹೇಳು. ಅಂಚು ತೆಳ್ಳಗ ಹೆರಿಬೇಕು."