ಖಚಿತ ಮಾಹಿತಿ

ಆ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ತುಂಬಬೇಕಾದರೂ ಜೆರಾಕ್ಸ್ ಮಾಮನ ಅಂಗಡಿಯೇ ಗತಿ. ಬೀದಿಯವರ ವಾಟ್ಸಾಪ್ ಗುಂಪು ನಡೆಸುತ್ತಿದ್ದವನೂ ಅವನೇ. ನೀರು ಯಾವಾಗ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಅವನು ಹಾಕಿದರೆ ಮುಗಿಯಿತು, ಯಾರೂ ಚಕಾರ ಎತ್ತುತ್ತಿರಲಿಲ್ಲ. ಆ ನಂಬಿಕೆ ಅವನಿಗೂ ಒಳಗೊಳಗೇ ಹಿತವಾಗಿತ್ತು.

ಒಂದು ಮಧ್ಯಾಹ್ನ ಬೀದಿಯ ಹಿಂದಿನ ಐಸ್ ಫ್ಯಾಕ್ಟರಿಯ ವಾಚ್‌ಮನ್ ಫೋನ್ ಮಾಡಿದ. "ಮಾಮಾ, ಗ್ಯಾಸ್ ಸೋರ್ತಿದೆ! ಗಾಳಿ ನಿಮ್ಮ ಕಡೆಗೇ ಬೀಸ್ತಿದೆ. ಎಲ್ಲರನ್ನೂ ಶಾಲೆ ಮೈದಾನಕ್ಕೆ ಕಳಿಸಿ!"

ವಾಚ್‌ಮನ್ ಕುಡುಕ, ಇಲಿ ಕಂಡರೆ ಹುಲಿ ಎನ್ನುವ ಆಸಾಮಿ. ಮಾಮ ಅವನನ್ನು ನಂಬದೆ ಮೊಬೈಲಿನ ಎಐ ಆ್ಯಪನ್ನು ಕೇಳಿದ. ಅದು ಗಳಿಗೆಯಲ್ಲೇ ಉತ್ತರ ಕೊಟ್ಟಿತು: ಸೋರಿಕೆ ಹತೋಟಿಗೆ ಬಂದಿದೆ, ಜನ ಮನೆಯೊಳಗೇ ಇರಬೇಕೆಂದು ಅಧಿಕಾರಿಗಳು ತಿಳಿಸಿದ್ದಾರೆ. ಒಂದು ಕಾಗುಣಿತದ ತಪ್ಪೂ ಇಲ್ಲದ ಆ ಸಾಲುಗಳನ್ನು ಅವನು ಹಾಗೇ ಗುಂಪಿಗೆ ಹಾಕಿದ. ಮೇಲೆ "ಖಚಿತ ಮಾಹಿತಿ" ಎಂದು ತಾನೇ ಸೇರಿಸಿದ.

ಎದುರು ಮನೆಯ ಇಸ್ತ್ರಿ ಅಜ್ಜಿ ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟಿದ್ದಳು.

"ಅಜ್ಜೀ, ಎಲ್ಲಿಗೆ? ಏನೂ ಆಗಿಲ್ಲ, ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ" ಎಂದು ಮಾಮ ಕೂಗಿದ. ಅಜ್ಜಿ ತಿರುಗಿ ಹೋದಳು.

ಕಾಲು ಗಂಟೆಯಲ್ಲಿ ಬೀದಿ ತುಂಬ ಕೆಮ್ಮು. ಕಣ್ಣುರಿ ತಾಳಲಾರದೆ ಮಾಮ ಅಂಗಡಿ ತೆರೆದಿಟ್ಟೇ ಮೈದಾನಕ್ಕೆ ಓಡಿದ. ಓಡುವಾಗ ಅಜ್ಜಿಯ ನೆನಪಾಗಲಿಲ್ಲ. ಅವಳನ್ನು ಅಗ್ನಿಶಾಮಕದವರು ಹೊತ್ತು ತಂದು ಆಸ್ಪತ್ರೆಗೆ ಸೇರಿಸಿದರು.

ಆ್ಯಪು ಹೇಳಿದ್ದು ಎರಡು ವರ್ಷದ ಹಿಂದೆ ಬೇರೆಲ್ಲೋ ಆದ ಸೋರಿಕೆಯ ಸುದ್ದಿ ಎಂದು ಸಂಜೆ ಗೊತ್ತಾಯಿತು. ಜನ ಫ್ಯಾಕ್ಟರಿಯವರಿಗೆ ಹಿಡಿಶಾಪ ಹಾಕಿದರು. ಮಾಮನನ್ನು ಯಾರೂ ಏನೂ ಅನ್ನಲಿಲ್ಲ. "ನೀವು ಒಳ್ಳೇದಕ್ಕೇ ತಾನೇ ಹೇಳಿದ್ದು" ಎಂದಳು ಹೆಂಡತಿ. ಅವನು ಊಟದ ತಟ್ಟೆ ಸರಿಸಿ ಎದ್ದ.

ಎಂಟು ದಿನ ಆಸ್ಪತ್ರೆಯ ಮೆಟ್ಟಿಲಿನವರೆಗೆ ಹೋಗಿ ವಾಪಸಾದ. ಒಂಬತ್ತನೆಯ ದಿನ ಒಳಗೆ ಹೋದ.

"ಅಜ್ಜೀ, ಅವತ್ತು ನನಗೇನೂ ಗೊತ್ತಿರಲಿಲ್ಲ. ಫೋನ್ ಹೇಳಿದ್ದನ್ನೇ ಹೇಳ್ಬಿಟ್ಟೆ."

ಅಜ್ಜಿ ಉಸಿರು ಎಳೆದೆಳೆದು ಹೇಳಿದಳು: "ಫೋನ್ ಹೇಳಿದ್ರೆ ನಾನ್ಯಾಕಪ್ಪ ಕೇಳ್ತಿದ್ದೆ? ನೀನು ಹೇಳ್ದೆ ಅಂತ ಒಳಗೆ ಹೋದೆ."

ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ನೀರು ಕೇಳಿದಳು, ಕುಡಿಸಿದ.

ಹೊರಗೆ ಬಂದವನೇ ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದ: ವಾಚ್‌ಮನ್ ಮೊದಲೇ ಎಚ್ಚರಿಸಿದ್ದ, ನಾನು ನಂಬಲಿಲ್ಲ, ಅಜ್ಜಿಯನ್ನು ಒಳಗೆ ಕಳಿಸಿದವನು ನಾನೇ. ವಾಚ್‌ಮನ್ ಮನೆಗೂ ಹೋಗಿ ತಪ್ಪಾಯಿತೆಂದ.

"ಕುಡೀತೀನಿ, ನಿಜ ಮಾಮಾ" ಎಂದ ವಾಚ್‌ಮನ್. "ಆದ್ರೆ ನನ್ನ ಮೂಗು ಕುಡಿಯಲ್ಲ."

ಅಜ್ಜಿ ಬದುಕಿ ಬಂದಳು. ಆದರೆ ಇಸ್ತ್ರಿ ಪೆಟ್ಟಿಗೆ ಎತ್ತುವಷ್ಟು ಉಸಿರು ಮತ್ತೆ ಬರಲಿಲ್ಲ. ಈಗ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾಳೆ. ಬೆಳಿಗ್ಗೆ ಮಾಮ ಶಟರ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಅವಳೇ.