ನೋವಾಗದ ಬೆರಳು

ಪಡಸಾಲೆಯ ಗೋಡೆಗೆ ತೂಗುಹಾಕಿದ ಕೆನೆಬಣ್ಣದ ಗಿಟಾರ್ ಕಂಡಾಗಲೆಲ್ಲ ನಿಮ್ಮಲ್ಲಿ ಸಣ್ಣವರು ಕೇಳುತ್ತೀರಿ, ‘ಅಜ್ಜಿ, ಅಜ್ಜ ಇದನ್ನ ಬಾರಸ್ತಿದ್ನೇನಬೇ?’ ನಾನು ಏನೋ ಕೆಲಸದ ನೆವ ಹೇಳಿ ಒಳಗೆ ಹೋಗುತ್ತೇನೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ತವರೂರು ಹರ್ತಿಯ ಶಾಲೆಯಲ್ಲಿ ಬರೆಯಲು ಕಲಿತಿದ್ದೆನಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ಹಗಲು ಬೆಟಗೇರಿಯ ಈ ಮನೆಯ ಮಗ್ಗದಲ್ಲೇ ಸೀರೆ ನೇಯುತ್ತಿದ್ದರು. ಮದುವೆಯ ದಿನಗಳು ಬಂದರೆ ಸಂಜೆ ಆರ್ಕೆಸ್ಟ್ರಾದವರ ಟೆಂಪೊ ಹತ್ತುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಕರೆದರೂ ಹೋಗುವವರೇ. ಗಿಟಾರ್ ಮಾತ್ರ ಅವರದಲ್ಲ, ಆರ್ಕೆಸ್ಟ್ರಾ ಮಾಲೀಕರದು. ನೆಂಟರ ಮದುವೆಯಾದರೆ ನಾನೂ ಹೋಗುತ್ತಿದ್ದೆ. ಆದರೆ ಮುಂದೆ ಕೂರಲು ನಾಚಿಕೆ. ‘ನೋಡ್ರೆ, ಗಿಟಾರದವನ ಹೇಣ್ತಿ ಬಂದ್ಲು’ ಎಂದು ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಪೆಂಡಾಲಿನ ಹಿಂದೆ, ಅಡುಗೆಯವರ ಒಲೆಗಳ ಹತ್ತಿರ ಬದನೆಕಾಯಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ.

ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಹಾಡುವವನ ಊಟ ಇನ್ನೂ ಮುಗಿದಿರಲಿಲ್ಲ. ಅವನು ಬರುವ ತನಕ ನಿಮ್ಮ ಅಜ್ಜ ಒಬ್ಬರೇ ಏನೋ ಒಂದು ಧಾಟಿ ನುಡಿಸಿದರು. ನಾನು ಹೆಚ್ಚುವುದನ್ನು ಮರೆತು ಕೂತುಬಿಟ್ಟೆ. ಮನೆಗೆ ಬಂದು ಹೇಗೋ ಬಾಯಿಬಿಟ್ಟು ಕೇಳಿದೆ.

‘ಅದನ್ನ ಮನ್ಯಾಗ ಒಮ್ಮೆ ಬಾರಸ್ರಿ.’

‘ಬಾರಸಾಕ ನಿಮ್ಮಪ್ಪ ಗಿಟಾರ್ ಕೊಟ್ಟಾನೇನ?’ ಎಂದು ನಕ್ಕರು.

ಆಮೇಲೆ ಮದುವೆಗಳಿಗೆ ಡಿ.ಜೆ. ಬಂತು. ಆರ್ಕೆಸ್ಟ್ರಾ ಮುಚ್ಚಿತು. ಮಾಲೀಕರು ಸ್ಪೀಕರುಗಳ ಜೊತೆ ಗಿಟಾರನ್ನೂ ಯಾರಿಗೋ ಮಾರಿದರು. ನಿಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಬಂತು. ಆ ಧಾಟಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಮೊಬೈಲಿನಲ್ಲಿ ಈ ಗಿಟಾರನ್ನು ಮೊದಲು ತೋರಿಸಿದವಳು ನಿಮ್ಮಲ್ಲಿ ದೊಡ್ಡವಳು.

‘ಅಜ್ಜ, ನಿನ್ನ ಆರ್ಕೆಸ್ಟ್ರಾ ಫೋಟೋದಾಗಿಂದು ಇದ ಅಲ್ಲೇನು? ಹಳೇದಲ್ಲ ಮತ್ತ. ಹಳೇದರಂಗ ಹೊಸಾದು ಮಾಡ್ಯಾರ. ಭಾಳ ತುಟ್ಟೀನೂ ಇಲ್ಲ.’

ಅವಳೇ ತರಿಸಿದ ಪಾರ್ಸೆಲ್ ಬಂತು. ಅದೇ ಆಕಾರ, ಅದೇ ಕೆನೆಬಣ್ಣ, ಹಳೆಯ ರೇಡಿಯೊದಲ್ಲಿ ಇರುತ್ತಿದ್ದಂಥ ಗುಂಡಿಗಳು. ಮೈಮೇಲಿನ ಬಿಳಿ ತಗಡಿಗೆ ವಯಸ್ಸಾದಂತೆ ಕಾಣಲೆಂದು ಕಾರ್ಖಾನೆಯಲ್ಲೇ ನಸುಹಳದಿ ಬಣ್ಣ ಕೊಟ್ಟಿದ್ದರು. ನಿಮ್ಮ ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ನನ್ನೂ ಹಿಂಗ ಹೊಸಾದು ಮಾಡಿ ಕಳಸ್ತಾರೇನ ಕೇಳವಾ’ ಎಂದರು. ಅಷ್ಟು ನಕ್ಕಿದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

ಈ ಗಿಟಾರಿಗೆ ಸ್ಪೀಕರ್ ಪೆಟ್ಟಿಗೆ ಬೇಕು. ಅದಿಲ್ಲದಿದ್ದರೆ ಸೊಳ್ಳೆ ಗುಂಯ್ಗುಟ್ಟಿದಷ್ಟೇ ಸದ್ದು. ಪೆಟ್ಟಿಗೆ ಮುಂಡರಗಿಯಲ್ಲಿದ್ದ ಹಳೆಯ ಗೆಳೆಯರೊಬ್ಬರ ಹತ್ತಿರ ಇತ್ತು. ನಿಮ್ಮ ಅಜ್ಜ, ‘ಈಗ ತರೂದು ಬ್ಯಾಡ. ಮೊದಲ ಬೆರಳು ತಯಾರಾಗಲಿ’ ಎಂದರು. ತಂತಿ ಒತ್ತುವ ಎಡಗೈ ಬೆರಳುಗಳ ತುದಿ ಜಡ್ಡುಗಟ್ಟಬೇಕು. ಮೊದಮೊದಲು ತಂತಿ ಕೊಯ್ಯುತ್ತದೆ, ಉರಿಯುತ್ತದೆ. ಉರಿ ನಿಂತರೆ ಬೆರಳು ತಯಾರಾಯಿತು ಎಂದು ಆರ್ಕೆಸ್ಟ್ರಾದವರ ಲೆಕ್ಕ. ಅವರು ಕಲಿತದ್ದು ಹಾಗೆಯೇ.

ದಿನಾ ಮಗ್ಗದಿಂದ ಎದ್ದು ಬಂದು ಗಿಟಾರ್ ಹಿಡಿಯುತ್ತಿದ್ದರು. ಮಹಾನವಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕರೆದರು.

‘ಏ, ಬಾ ಇಲ್ಲೆ. ಎಷ್ಟು ಒತ್ತಿದ್ರೂ ನೋವಿಲ್ಲ ನೋಡ. ಬೆರಳು ತಯಾರಾದ್ವು. ಹಬ್ಬದ ದಿನ ಪೆಟಗಿ ತರಸ್ತೀನಿ. ನಿನ್ನ ಲಕ್ಷ್ಮೇಶ್ವರದ್ದನ್ನ ಬಾರಸ್ತೀನಿ. ಆದ್ರ ಈ ಸಲ ಬದನಿಕಾಯಿ ಹಿಡಕೊಂಡು ಹಿಂದ ಕುಂದರಬ್ಯಾಡ ಮತ್ತ!’

‘ಹೋಗ್ರಿ’ ಎಂದೆ. ಅವರಿಗೆ ಅದು ನೆನಪಿತ್ತು. ಒಳಗೆ ಹೋಗಿ, ಅಂದು ಯಾವ ಸೀರೆ ಉಡಲಿ ಎಂದು ಟ್ರಂಕು ತೆಗೆದು ನೋಡಿದೆ.

ಹಬ್ಬದ ಬೆಳಿಗ್ಗೆ ಮಗ್ಗ ತೊಳೆದು ಪೂಜೆಗೆ ಅಣಿ ಮಾಡಿದೆವು. ಗಿಟಾರನ್ನೂ ಮಗ್ಗದ ಪಕ್ಕ ಇಟ್ಟು ಕುಂಕುಮ ಹಚ್ಚಲು ಬಾಗಿದೆ. ಬೆರಳು ಒತ್ತುವ ಕಡೆ ತಂತಿಗಳ ಕೆಳಗಿನ ಕಟ್ಟಿಗೆ ಅಂಟಂಟಾಗಿತ್ತು. ಏನೋ ವಾಸನೆ. ಅವರ ಎಡಗೈ ಹಿಡಿದು ನೋಡಿದೆ. ಎರಡು ಬೆರಳುಗಳ ತುದಿ ಕಪ್ಪಾಗಿತ್ತು.

‘ಇದೇನ್ರಿ ಇದು?’

‘ತಂತೀ ಮಸಿ. ಒರಸಿದ್ರ ಹೋಗತೈತಿ ಬಿಡ.’

ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬೆರಳಿಗೆ ಸೂಜಿ ತಾಗಿಸಿದರು.

‘ಗೊತ್ತಾತೇನ್ರಿ, ಅಜ್ಜಾರ?’

‘ಚುಚ್ರಿ, ಹೇಳ್ತೀನಿ.’

‘ಆಗಲೇ ಚುಚ್ಚೇನ್ರಿ. ಸಕ್ಕರಿ ರೋಗದಾಗ ಬೆರಳಿಗೆ ಖಬರ ಇರಂಗಿಲ್ಲ. ನೋವಿಲ್ಲ ಅಂತ ಸುಮ್ಮನ ಕುಂತ್ರಿ, ತಂತಿ ಕೊಯ್ದ ಗಾಯ ಒಳಗ ಕೊಳತೈತಿ.’

ಅದನ್ನು ಕೇಳಿಯೂ ನಿಮ್ಮ ಅಜ್ಜ ಮುಚ್ಚಿದ ಕಣ್ಣು ತೆರೆಯಲಿಲ್ಲ. ಆಪರೇಶನ್ ಮಾಡಿ ಎರಡೂ ಬೆರಳು ತೆಗೆದರು. ಆಟೊದಲ್ಲಿ ಮನೆಗೆ ಬರುವಾಗ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ‘ತಯಾರಾಗ್ಯಾವ ಅಂತ ತಿಳಕೊಂಡಿದ್ದೆ’ ಎಂದರು.

ಗಾಯ ಮಾಯ್ದ ಮೇಲೆ ಗೋಡೆಗೆ ಮೊಳೆ ಹೊಡೆದು ಗಿಟಾರನ್ನು ತೂಗುಹಾಕಿದವರು ಅವರೇ. ಆಮೇಲೆ ಅದರ ಕಡೆ ಬೆನ್ನು ಮಾಡಿಯೇ ಊಟಕ್ಕೆ ಕೂರುತ್ತಿದ್ದರು. ಮುಂದಿನ ಮಹಾನವಮಿಗೆ ಅವರಿರಲಿಲ್ಲ. ಕಿಡ್ನಿ ಕೈಕೊಟ್ಟಿತ್ತು.

ದೊಡ್ಡವಳೇ, ನೀನು ಈಗ ಮನೆಗೆ ಬಂದರೂ ಆ ಗೋಡೆಯ ಕಡೆ ನೋಡುವುದಿಲ್ಲ. ನನಗೆ ಗೊತ್ತಾಗುತ್ತದೆ. ಆದದ್ದು ನಿನ್ನಿಂದಲ್ಲ. ಹೀಗೆ ಬರೆದರೆ ನಿನ್ನ ಮನಸ್ಸು ಹಗುರಾಗುವುದೋ ಇಲ್ಲವೋ, ನನ್ನದಂತೂ ಆಗಿಲ್ಲ.

ಬಾರಿಸುವವರಿಗೆ ಕೊಟ್ಟುಬಿಡಿ ಎಂದು ಬಂದವರೆಲ್ಲ ಹೇಳುತ್ತಾರೆ. ಕೊಡಲು ಮನಸ್ಸಿಲ್ಲ, ನೋಡಲೂ ಆಗುವುದಿಲ್ಲ. ತಂತಿಗಳಿಗೆ ತುಕ್ಕು ಹಿಡಿದಿದೆ. ಧೂಳು ಒರೆಸುವಾಗ ಬಟ್ಟೆ ತಾಗಿದರೆ ಸಣ್ಣಗೆ ಏನೋ ಅನ್ನುತ್ತದೆ. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಕಿವಿ ಹತ್ತಿರ ಇಟ್ಟು ಕೇಳಿದ್ದೇನೆ. ಲಕ್ಷ್ಮೇಶ್ವರದ ಆ ಧಾಟಿ ಹೇಗೆ ಶುರುವಾಗುತ್ತಿತ್ತು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಬದನೆಕಾಯಿ ನೆನಪಾಗುತ್ತದೆ, ಒಲೆಯ ಹೊಗೆ ನೆನಪಾಗುತ್ತದೆ. ಅದು ಮಾತ್ರ ಬರುವುದಿಲ್ಲ.