ವರ್ಷದ ಗೋಧಿ

ಮೊಣಕಾಲು ನೋವಿಗೆಂದು ಮೊನ್ನೆ ಔಡಲೆಣ್ಣೆ ತರಿಸಿದೆ. ಮುಚ್ಚಳ ತೆಗೆದದ್ದೇ ತಡ, ಆ ಮಂದವಾದ ವಾಸನೆ ಕೋಣೆಯ ತುಂಬ ಹರಡಿತು. ಈ ವಾಸನೆ ಬಂದರೆ ಉಳಿದವರಿಗೆ ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ್ದು ನೆನಪಾಗುತ್ತದೆ, ಮುಖ ಕಿವುಚುತ್ತಾರೆ. ನನಗೆ ಮಾತ್ರ ಗೋಧಿ ನೆನಪಾಗುತ್ತದೆ. ಗೋಧಿಯ ಬೆನ್ನಿಗೇ ವಡೋದರಾದ ಮಾಸಿ...

ಮಾಸಿ ಅಂದರೆ ಅಲ್ಲಿಯ ಮಾತಿನಲ್ಲಿ ತಾಯಿಯ ತಂಗಿ, ನಮ್ಮ ಕಡೆಯ ಮೌಶಿ. ನನಗೇನೂ ಅವರು ರಕ್ತಸಂಬಂಧಿಯಲ್ಲ, ನಾವು ಬಾಡಿಗೆಗಿದ್ದ ಮನೆಯ ಒಡತಿ. ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮವರಿಗೆ ಕೇಂದ್ರ ಸರ್ಕಾರದ ಆಫೀಸೊಂದರಲ್ಲಿ ಕೆಲಸ. ಮದುವೆಯಾದ ಹೊಸತರಲ್ಲೇ ವಡೋದರಾಕ್ಕೆ ವರ್ಗವಾಗಿ, ಧಾರವಾಡ ಬಿಟ್ಟು ಎಲ್ಲೂ ಹೋಗಿರದ ನಾನು ಅಲ್ಲಿಯ ಹಳೇ ಪೇಟೆಯ ಒಂದು ಓಣಿಯಲ್ಲಿ, ಮರದ ಕಂಬಗಳ ಮನೆಯ ಮೇಲಿನ ಅಟ್ಟದಲ್ಲಿ ಸಂಸಾರ ಹೂಡಿದೆ. ಕೆಳಗೆ ಮಾಸಿ ಒಬ್ಬರೇ. ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದರು.

ಒಬ್ಬರೇ ಅಂದೆ, ಪೂರ್ತಿ ಹಾಗೂ ಅಲ್ಲ. ಕೆಳಗಿನ ಪಡಸಾಲೆಯ ನಟ್ಟನಡುವೆ ಒಂದು ಇಟ್ಟಿಗೆ ಗೋಡೆ ಇತ್ತು. ಗಿಲಾವು ಕೂಡ ಮಾಡಿರಲಿಲ್ಲ, ಸಿಟ್ಟಿನಲ್ಲಿ ಕಟ್ಟಿದ್ದು ನೋಡಿದರೇ ತಿಳಿಯುತ್ತಿತ್ತು. ಗೋಡೆಯ ಆಚೆಗೆ ಮಾಸಿಯ ಮೈದುನ, ಅವನ ಹೆಂಡತಿ, ಮಕ್ಕಳು. ಇಬ್ಬರು ನೆಗೆಣ್ಣಿಯರೂ ಒಂದೇ ವರ್ಷ ಸೊಸೆಯರಾಗಿ ಆ ಮನೆ ತುಂಬಿದವರಂತೆ, ಒಂದೇ ಒಲೆಯಲ್ಲಿ ಬೇಯಿಸಿದವರಂತೆ. ಮಾಸಿಯ ಗಂಡ ಹೋದ ಮೇಲೆ ಪಾಲಿನ ಮಾತು ಬಂತು, ಯಾರೋ ಏನೋ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹೋಗುವ ಹೊತ್ತಿಗೆ ಮಾತು ನಿಂತು ವರ್ಷಗಳಾಗಿದ್ದವು.

ನನಗೂ ಮಾಸಿಗೂ ಗೆಳೆತನ ಬೆಳೆದದ್ದು ನನ್ನ ಪೆದ್ದುತನದಿಂದ. ಅವರದು ಗುಜರಾತಿ, ನನ್ನದು ಹರಕುಮುರುಕು ಹಿಂದಿ, ಹೇಗೋ ಮಾತು ನಡೆಯುತ್ತಿತ್ತು. ಅಲ್ಲಿಯವರು ಬೇಸಿಗೆ ಶುರುವಾಗುತ್ತಲೇ ಇಡೀ ವರ್ಷಕ್ಕಾಗುವಷ್ಟು ಗೋಧಿ ತರಿಸಿ, ಔಡಲೆಣ್ಣೆ ಸವರಿ, ಒಣ ಬೇವಿನೆಲೆ ಬೆರೆಸಿ ಕೋಠಿ ಅನ್ನುವ ದೊಡ್ಡ ತಗಡಿನ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ಹುಳ ಬೀಳುವುದಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಇದು ಹೊಸದು. ಮೊದಲ ಬೇಸಿಗೆಯಲ್ಲಿ ಮೇಲಿನಿಂದ ಕದ್ದು ನೋಡಿ, ಇಷ್ಟೇ ತಾನೆ ಅಂದುಕೊಂಡು, ಒಂದು ಚೀಲ ಗೋಧಿಗೆ ಕೂಸಿಗೆ ಎಣ್ಣೆ ನೀರು ಹಾಕುವ ಹಾಗೆ ಧಾರಾಳವಾಗಿ ಎಣ್ಣೆ ಸುರಿದು ತಿಕ್ಕಿದೆ. ಬೀಸಲು ಒಯ್ದರೆ ಗಿರಣಿಯವನು ಗೋಧಿಯಲ್ಲಿ ಕೈಯಾಡಿಸಿ, ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿದ. "ಬೆಹನ್, ಇದನ್ನ ಬೀಸೋದೋ, ಕರಿಯೋದೋ?" ಅಂದ. ಓಣಿಯೇ ನಕ್ಕಿತು. ಮಾಸಿ ಮಾತ್ರ ನಗದೆ ಚೀಲ ಇಸಿದುಕೊಂಡು, ಗೋಧಿಯನ್ನು ಹಳೆಯ ಧೋತರದಲ್ಲಿ ಹಾಕಿ ಒರೆಸಿ ಕೊಟ್ಟರು. ಆಮೇಲೆ ಒಳಗೆ ಹೋಗಿ ನಕ್ಕಿರಬೇಕು, ಸದ್ದು ಕೇಳಿಸಿತು.

ಎರಡನೆಯ ವರ್ಷ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಮ್ಮವರು ಆಫೀಸಿನಿಂದ ಬಂದವರೇ ಅಂಗಿ ಗೂಟಕ್ಕೆ ಹಾಕಿ, ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂಡುತ್ತಿದ್ದರು. ಏನಾಯಿತೆಂದು ಕೇಳಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಸಿಟ್ಟು, ಸರಿಯಾಗಿದ್ದರೂ ಸಿಟ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆ ಮನೆಯಲ್ಲಿ ಅತ್ತೆ ಯಾರೆಂದು ನನಗೆ ಗೊತ್ತಿರಲಿಲ್ಲ, ಕೊತ್ತಿ ಮಾತ್ರ ನಾನೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಮಾತೂ ನಮಗೆ ಒದಗಲಿಲ್ಲ. ಮುಗಿಯುವುದಕ್ಕೆ ಮೊದಲು ಜಗಳವಾದರೂ ಆಗಬೇಕಲ್ಲ? ಭಾಷೆ ಸರಿಯಾಗಿ ಬಾರದ ಊರಿನಲ್ಲಿ ಕನ್ನಡ ಆಡಲು ಇದ್ದ ಒಬ್ಬ ಮನುಷ್ಯನೂ ಬಾಯಿ ಮುಚ್ಚಿದ ಮೇಲೆ, ಮಧ್ಯಾಹ್ನಗಳಲ್ಲಿ ನಾನು ಪಾತ್ರೆಗಳ ಜೊತೆ ಮಾತಾಡತೊಡಗಿದ್ದೆ. ಒಂಟಿತನ ಅಂದರೇನೆಂದು ನನಗೆ ತಿಳಿದದ್ದು ಆಗ, ಗಂಡ ಎದುರಿಗೆ ಕೂತಿದ್ದಾಗ.

ಮುಂಬಯಿಯಲ್ಲಿದ್ದ ಅಣ್ಣನಿಗೆ ಬಂದು ಕರೆದೊಯ್ಯಲು ಹೇಳಿಕಳಿಸಿದೆ. ತವರಿಗೆ ಹೋಗಿ ಬರುತ್ತೇನೆಂದು ನಮ್ಮವರಿಗೆ ಹೇಳಿದೆ, ಅವರು ಪೇಪರಿನ ಹಿಂದಿನಿಂದ ಹೂಂ ಅಂದರು. ತಿರುಗಿ ಬರುವ ಮನಸ್ಸು ನನಗಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಟ್ರಂಕು ತುಂಬುತ್ತಿದ್ದಾಗ ಮಾಸಿ ಮೇಲೆ ಬಂದರು. ನಿಂತು ನೋಡಿದರು. ನನ್ನ ಉಣ್ಣೆಯ ಶಾಲನ್ನು ಎರಡು ಬೆರಳಲ್ಲಿ ಎತ್ತಿದರು.

"ಈ ಬಿಸಿಲಲ್ಲಿ ತವರಿಗೆ ಹೋಗೋಳು ಶಾಲು ಯಾಕೆ ಒಯ್ತೀ, ದೀಕರಿ?"

ದೀಕರಿ ಅಂದರೆ ಮಗಳು. ನನಗೆ ಅಳು ಬಂತು. ಮಾಸಿ ಸಮಾಧಾನ ಮಾಡಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಶಾಲನ್ನು ಮಡಚಿ ಟ್ರಂಕಿನಲ್ಲೇ ಇಟ್ಟರು. "ಹೋಗು, ಯಾರು ಬೇಡ ಅಂದರು? ಭಾನುವಾರ ನಿಮ್ಮ ಗೋಧಿ ಬರುತ್ತೆ. ಎಣ್ಣೆ ಹಚ್ಚಿಟ್ಟು ಹೋಗು. ಇಲ್ಲಾಂದ್ರೆ ಆ ಹುಡುಗ ವರ್ಷವಿಡೀ ಹುಳ ತಿನ್ನಬೇಕು" ಅಂದರು. ನಾವು ಗೋಧಿ ಹೇಳಿಯೇ ಇರಲಿಲ್ಲ. ಮಾಸಿ ತಾವೇ ತಮ್ಮದರ ಜೊತೆ ನಮ್ಮಿಬ್ಬರಿಗೂ ಸೇರಿಸಿ ಹೇಳಿದ್ದರು.

ಭಾನುವಾರ ನಮ್ಮವರು ಚೀಲ ಹೊತ್ತು ತಂದು ಕೆಳಗಿನ ಪಡಸಾಲೆಯಲ್ಲಿ ಇಳಿಸಿದರು. ಬೆನ್ನು ತಿರುಗಿಸುವಷ್ಟರಲ್ಲಿ ಮಾಸಿ, "ಭಾಈ, ಕೂತ್ಕೋ" ಅಂದರು. ಅಲ್ಲಿ ಗಂಡಸರು ಈ ಕೆಲಸಕ್ಕೆ ಕೂಡುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಬಿಡಿಸು ಅನ್ನುವ ಹಾಗೆ ನನ್ನನ್ನು ನೋಡಿದರು. ನಾನು ಬೇವಿನ ಎಲೆ ನೋಡಿದೆ. ಕೊನೆಗೆ ಕೂತರು. ಪರಾತ ಅನ್ನುವ ಅಗಲವಾದ ಹರಿವಾಣದಲ್ಲಿ ಗೋಧಿ ಸುರುವಿ, ನಮ್ಮಿಬ್ಬರ ಅಂಗೈಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮಾಸಿ ತಾವೂ ತಿಕ್ಕತೊಡಗಿದರು. ಎಣ್ಣೆಗೈ. ಪೇಪರು ಹಿಡಿಯುವಂತಿಲ್ಲ, ಸಿಗರೇಟು ಹಚ್ಚುವಂತಿಲ್ಲ, ಕದ ಎಳೆದುಕೊಂಡು ಹೊರಗೆ ಹೋಗುವಂತೆಯೂ ಇಲ್ಲ. ಸರಸರ ಸದ್ದಿನಲ್ಲಿ ಒಂದು ಪರಾತ ಗೋಧಿ ಮುಗಿಯಿತು.

ಆಮೇಲೆ ನಮ್ಮವರು ಗೋಧಿ ನೋಡುತ್ತಲೇ ಅಂದರು: "ಹೊಸಾ ಸಾಹೇಬ ನನ್ನ ಕುರ್ಚಿ ತಗಸಿ ವರಾಂಡಾದಾಗ ಹಾಕಸ್ಯಾನ."

"ಯಾವಾಗ್ರಿ?"

"ಹೋಳಿ ಮರುದಿನಾನ. ನಾ ಬರದದ್ದನ್ನ ಎಲ್ಲಾರ ಮುಂದ ಎತ್ತಿ ಓದ್ತಾನ. ಎಲ್ಲಾರೂ ನಗತಾರ. ದಿನಾ ನಗತಾರ."

"ನನಗ್ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ಅಳಿಯ ದೊಡ್ಡ ಆಫೀಸರ ಅಂತ ನಿಮ್ಮಪ್ಪ ಧಾರವಾಡ ತುಂಬ ಹೇಳ್ಕೊಂಡ್ ಬಂದಾರ."

ಎಣ್ಣೆಗೈಯಲ್ಲಿ ಕಣ್ಣು ಒರೆಸಿಕೊಳ್ಳಲು ಬರದೆ ತೋಳಿನಿಂದ ಒರೆಸಿಕೊಂಡರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಷ್ಟು ದಿನ ಈ ಮನುಷ್ಯ ವರಾಂಡಾದಲ್ಲಿ ಒಬ್ಬನೇ ಕೂತು ಮನೆಗೆ ಬರುತ್ತಿದ್ದ, ನಾನು ಅಟ್ಟದಲ್ಲಿ ಒಬ್ಬಳೇ ಕೂತು ಕಾಯುತ್ತಿದ್ದೆ. ಇಬ್ಬರ ಕಷ್ಟವೂ ಒಂದೇ ಆಗಿತ್ತು. ಮಾಸಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಉದ್ದಕ್ಕೂ ಹಂ... ಹಂ... ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ನಮ್ಮವರಿಗೆ, "ಭಾಈ, ಎಣ್ಣೆ ಒಂದೇ ಕಡೆ ನಿಂತಿದೆ, ಸರಿಯಾಗಿ ತಿಕ್ಕು" ಅಂದರು.

ಅಣ್ಣ ಬಂದ, ನಾಲ್ಕು ದಿನ ಇದ್ದು ಉಂಡು ತಿಂದು ಒಬ್ಬನೇ ಹೋದ. ಸಾಹೇಬರೇನೂ ಬದಲಾಗಲಿಲ್ಲ. ಕುರ್ಚಿ ಮುಂದೆಯೂ ಬಹಳ ಕಾಲ ವರಾಂಡಾದಲ್ಲೇ ಇತ್ತು. ಆದರೆ ಸಂಜೆ ಅವರ ಮುಖ ಸಪ್ಪಗಿದ್ದರೆ ನಾನು ಅವರೆಕಾಳೋ ಬೆಳ್ಳುಳ್ಳಿಯೋ ಸುಲಿಯಲು ಮುಂದಿಡುತ್ತಿದ್ದೆ. ಸುಲಿಯುತ್ತ ಸುಲಿಯುತ್ತ ಅಂದಿನ ಅವಮಾನ ಹೊರಗೆ ಬರುತ್ತಿತ್ತು. ಎಷ್ಟೋ ಸಲ ಕೊನೆಗೆ ಇಬ್ಬರೂ ಸೇರಿ ಸಾಹೇಬರ ನಡಿಗೆಯನ್ನು ಅಣಕಿಸಿ ನಗುತ್ತಿದ್ದೆವು.

ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಮಾಸಿ ತಮ್ಮ ಗೋಧಿಗೆ ಕೂತಿದ್ದರು, ನಾನೂ ಜೊತೆಗಿದ್ದೆ. ಗೋಡೆಯ ಆಚೆಯಿಂದಲೂ ಅದೇ ಸದ್ದು, ಅದೇ ವಾಸನೆ. ಮಾಸಿಯ ಕೈ ನಡುನಡುವೆ ನಿಲ್ಲುತ್ತಿತ್ತು. ನಮ್ಮ ಮನೆ ಸರಿಹೋದ ಹುರುಪಿನಲ್ಲಿ ನಾನು, "ನೀವೂ ಅವರನ್ನ ಕರೀರಿ, ಮಾಸಿ" ಅಂದುಬಿಟ್ಟೆ.

"ಒಂದೇ ಪರಾತಕ್ಕೆ ಇಬ್ಬರೂ ಕೈ ಹಾಕಬೇಕಲ್ಲ" ಅಂದರು. "ಮೊದಲು ಯಾರು ಅನ್ನೋದರಲ್ಲೇ ನಿಂತಿದೆ."

ಅವರ ಮುಂದಿದ್ದ ಗೋಧಿ ಒಬ್ಬರಿಗೆ ಬಹಳ ಹೆಚ್ಚಾಯಿತೆಂದು ಆಗ ನನಗೆ ಹೊಳೆಯಿತು. ಇಷ್ಟೇಕೆ ಅಂದೆ. ಮಾಸಿ ತಲೆ ಎತ್ತಲಿಲ್ಲ.

"ಎರಡು ಮನೆಗೂ ಸೇರಿಸಿ ತರಿಸಿ ರೂಢಿ. ಒಬ್ಬಳಿಗೆ ವರ್ಷಕ್ಕೆ ಎಷ್ಟು ಬೇಕು ಅಂತ ನಮ್ಮತ್ತೆ ನನಗೆ ಕಲಿಸಲಿಲ್ಲ, ದೀಕರಿ."

ಮುಂದೆ ಕೆಲವು ವರ್ಷಕ್ಕೆ ನಮಗೆ ಅಹಮದಾಬಾದಿಗೆ ವರ್ಗವಾಯಿತು. ಮೂರ್ನಾಲ್ಕು ವರ್ಷ ವಡೋದರಾ ಕಡೆ ಹೋಗಲಾಗಲಿಲ್ಲ. ಹೋದಾಗ ಮಾಸಿಯ ಬಾಗಿಲಿಗೆ ಬೀಗವಿತ್ತು. ಪಕ್ಕದ ಬಾಗಿಲಿಂದ ಅವರ ನೆಗೆಣ್ಣಿ ಹೊರಗೆ ಬಂದರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಅವರ ಜೊತೆ ಮಾತಾಡಿದ್ದು ಅದೇ ಮೊದಲು. ಚಳಿಗಾಲದಲ್ಲಿ ಹೋದಳು ಅಂದರು. ಎರಡು ದಿನದ ಜ್ವರ, ಅಷ್ಟೇ. ತಮ್ಮನ್ನು ಯಾರೂ ಕರೆಯಲಿಲ್ಲ, ತಾವೂ ಹೋಗಲಿಲ್ಲ ಅಂದರು. ನಾನು ಮೆಟ್ಟಿಲ ಮೇಲೆ ಕೂತೆ. ಅವರು ನೀರು ತಂದುಕೊಟ್ಟು, ಚೊಂಬು ತಿರುಗಿ ಒಯ್ಯದೆ ನಿಂತೇ ಇದ್ದರು.

"ನನ್ನ ಬಗ್ಗೆ ಏನಾದರೂ ಹೇಳ್ತಿದ್ದಳಾ?"

"ಪ್ರತಿ ವರ್ಷ ನಿಮ್ಮ ಮನೆಗೂ ಸೇರಿಸಿ ಗೋಧಿ ತರಿಸ್ತಿದ್ದರು" ಅಂದೆ.

ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತು ಕಾದೆ. ಹೊರಗೆ ಬರಲಿಲ್ಲ... ಚೊಂಬನ್ನು ಹೊಸ್ತಿಲಲ್ಲಿಟ್ಟು ರೈಲಿಗೆ ಹೊರಟೆ.

ಆಮೇಲೆ ಅಹಮದಾಬಾದಿನಲ್ಲೂ, ಪಿಂಚಣಿಯಾಗಿ ಧಾರವಾಡಕ್ಕೆ ಬಂದ ಮೇಲೂ ನಾವು ಆ ಪದ್ಧತಿ ಬಿಡಲಿಲ್ಲ. ಇಲ್ಲಿಯವರಿಗೆ ನಗು. ನಮ್ಮವರು ಚೀಲ ಬಿಚ್ಚಿ, ಕೈಯೊಡ್ಡಿ, "ಹಾಕು ಎಣ್ಣಿ, ಇವತ್ತ ಯಾರ್ನ ಬೈಯೂಣು?" ಅನ್ನುತ್ತಿದ್ದರು. ಹೋದ ವರ್ಷವೂ ಕೂತಿದ್ದೆವು. ದೀಪಾವಳಿಗೆ ಅವರಿರಲಿಲ್ಲ.

ಮೊನ್ನೆ ಔಡಲೆಣ್ಣೆ ತಂದುಕೊಟ್ಟ ಅಂಗಡಿಯವನೇ ಕೇಳಿದ, "ಅಮ್ಮಾರ, ಈ ವರ್ಷ ಗೋಧಿ ಎಷ್ಟು ಕಳಸ್ಲಿ?"

ಬಾಯಿಗೆ ಬಂದ ಲೆಕ್ಕ ಇಬ್ಬರದ್ದು. ಆಮೇಲೆ ಹೇಳುತ್ತೇನೆಂದು ಕಳಿಸಿದೆ. ಇನ್ನೂ ಹೇಳಿಲ್ಲ. ಒಬ್ಬಳಿಗೆ ಎಷ್ಟು ಬೇಕು ಅನ್ನುವುದು ನನಗೂ ಯಾರೂ ಕಲಿಸಿಲ್ಲ.